ಸತ್ಯಾಂಶ: ಆಟೋಪೈಲಟ್ ಹಾಕಿ ರಾತ್ರಿ ಎಲ್ಲರೂ ಮಲಗಬಹುದೇ?

"ಹಾಯಿದೋಣಿಗೆ ಆಟೋಪೈಲಟ್ ಹಾಕಿ ರಾತ್ರಿ ಎಲ್ಲರೂ ಮಲಗಬಹುದು, ಹಡಗಿನವರೇ ರೇಡಾರ್‌ನಲ್ಲಿ ನೋಡಿ ಪಕ್ಕಕ್ಕೆ ಸರಿಯುತ್ತಾರೆ" ಎಂಬ ಸಂದೇಶ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಚುಕ್ಕಾಣಿಯನ್ನು ತಾನೇ ತಿರುಗಿಸುವ ಸಾಧನವಾದ ಆಟೋಪೈಲಟ್ ದಿಕ್ಕನ್ನಷ್ಟೇ ಕಾಯುತ್ತದೆ, ಎದುರಿಗಿರುವುದು ಅದಕ್ಕೆ ಕಾಣದು. ಫೈಬರ್ ದೋಣಿ ರೇಡಾರ್‌ನಲ್ಲಿ ಮೊದಲೇ ಮಸುಕು. ಅಲೆ ಎದ್ದರೆ ಅದೂ ಕಾಣದೆ ಹೋಗಬಹುದು. 20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ವೇಗದ ಹಡಗು, 5 ನಾಟ್‌ನ ದೋಣಿ ಎದುರುಬದುರಾದರೆ 5 ನಾಟಿಕಲ್ ಮೈಲಿ ಅಂತರ 12 ನಿಮಿಷಕ್ಕೆ ಮುಗಿಯಿತು! ಅದಕ್ಕೇ 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮಾವಳಿಯ 5ನೇ ನಿಯಮ ಸದಾ ಕಾವಲು ಕಡ್ಡಾಯ ಎನ್ನುತ್ತದೆ.

ಮೂರು ಗಂಟೆಗೊಬ್ಬರಂತೆ ಪಾಳಿ ಹಾಕಿ. ಹಾಯಿಯ ಮರೆಯಲ್ಲಿರುವ ಕಡೆಯನ್ನೂ ಬಗ್ಗಿ ನೋಡಿ. ದೀಪ ಕಂಡರೆ ಕೈದಿಕ್ಸೂಚಿಯಲ್ಲಿ ಅದರ ದಿಕ್ಕನ್ನು ಮತ್ತೆಮತ್ತೆ ಅಳೆಯಿರಿ: ದಿಕ್ಕು ಬದಲಾಗದೆ ದೀಪ ಹತ್ತಿರವಾಗುತ್ತಿದ್ದರೆ ಡಿಕ್ಕಿ ಖಚಿತವೆಂದೇ ತಿಳಿದು ಮಲಗಿರುವವರನ್ನು ಎಬ್ಬಿಸಿ.