ಬಿಚ್ಚಿ ನೋಡುವ ಬೇಸ್, ಮೇಳ ಕಟ್ಟಿಸುವ ವೀಣೆ

ನಾನು ನೆಲೆಸಿರುವ ಕ್ಯಾಲಿಫೋರ್ನಿಯಾದ ಊರಿನಿಂದ ಫುಲರ್ಟನ್‌ಗೆ ಅರ್ಧ ಗಂಟೆಯ ದಾರಿ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಎಂಬ, ಮಂದ್ರ ಸ್ವರದ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದದ್ದು ಅಲ್ಲಿಂದಲೇ. ಆಳೆತ್ತರದ ಡಬಲ್ ಬೇಸನ್ನು ಊರಿಂದೂರಿಗೆ ಹೊತ್ತು, ಡ್ರಮ್ಮಿನ ಸದ್ದಿನ ನಡುವೆ ಅದನ್ನು ಕೇಳಿಸಲಾರದೆ ಸೋತಿದ್ದ ವಾದಕರಿಗಾಗಿ ಮಾಡಿದ, ಕೆಟ್ಟರೆ ನಾಲ್ಕು ತಿರುಪು ಬಿಚ್ಚಿ ಕತ್ತನ್ನೇ ಬದಲಿಸಬಹುದಾಗಿದ್ದ ದುಡಿಮೆಯ ವಾದ್ಯ ಅದು.

ಈಗ ಆ ತಿರುಪುಗಳನ್ನು ಬಿಚ್ಚುವುದು ಬೇರೆ ಕಾರಣಕ್ಕೆ. ಹಳೆಯ ಗಿಟಾರುಗಳ ಅಂಗಡಿಯೊಂದರಲ್ಲಿ ಫೆಂಡರ್ ಕಂಪನಿಯದೇ ಇನ್ನೊಂದು ಮಾದರಿಯಾದ 1964ರ ಜಾಝ್ ಬೇಸ್ ಒಂದರ ಬೆಲೆ ಕೇಳಿದೆ. ಮಾಲೀಕರು ಮಾತಿಗೆ ಮೊದಲು ಕತ್ತನ್ನು ಕಳಚಿ ಅದರ ಬುಡದಲ್ಲಿದ್ದ ತಾರೀಖಿನ ಮುದ್ರೆಯನ್ನು ತೋರಿಸಿದರು. ಆಮೇಲೆ ಸದ್ದು ಏರಿಸಿ ಇಳಿಸುವ ಗುಂಡಿಯ ಕೆಳಗಿನ ಪೊಟೆನ್ಷಿಯೋಮೀಟರಿನ ಬೆನ್ನಿನ 3046412 ಎಂಬ ಅಂಕಿಯನ್ನು ಓದಿಸಿದರು: 304 ತಯಾರಕರ ಗುರುತು, 64 ಇಸವಿ, 12 ವಾರ. ಬೆಸುಗೆಯನ್ನು ಯಾರೂ ಮುಟ್ಟಿಲ್ಲವೆಂದು ಭೂತಗನ್ನಡಿ ಕೊಟ್ಟು ಖಾತರಿಪಡಿಸಿದ ಮೇಲಷ್ಟೇ ಹದಿನೆಂಟು ಸಾವಿರ ಡಾಲರ್ ಎಂದರು. ಪಕ್ಕದಲ್ಲಿ ಅದೇ ವರ್ಷದ, ಮತ್ತೆ ಬಣ್ಣ ಬಳಿದ ಇನ್ನೊಂದಕ್ಕೆ ಸುಮಾರು ಅದರ ಅರ್ಧ. ಎರಡನ್ನೂ ನುಡಿಸಿದೆ, ನನ್ನ ಕಿವಿಗೆ ಒಂಬತ್ತು ಸಾವಿರ ಡಾಲರಿನ ಅಂತರವೇನೂ ಕೇಳಿಸಲಿಲ್ಲ.

ಈ ಬೆಲೆಗೆ ಕಾರಣವಿದೆ. 1965ರ ಜನವರಿಯಲ್ಲಿ ಸಿಬಿಎಸ್ ಎಂಬ ಪ್ರಸಾರ ಕಂಪನಿಯು ಫೆಂಡರನ್ನು ಕೊಂಡುಕೊಂಡಿತು; ಅದಕ್ಕೂ ಮೊದಲಿನವು ಮತ್ತೆ ಹುಟ್ಟುವುದಿಲ್ಲ, ಅವುಗಳ ನಾದವನ್ನು ಹರೆಯದಲ್ಲಿ ಕೇಳಿದವರ ಕೈಯಲ್ಲಿ ಈಗ ಹಣವಿದೆ. ಹೆಸರಾಂತರು ನುಡಿಸಿದ್ದರಂತೂ ಕೇಳುವುದೇ ಬೇಡ: ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್ ಅವರ 1969ರ ಮಸ್ಟಾಂಗ್ ಬೇಸ್ 2020ರ ಹರಾಜಿನಲ್ಲಿ 3,84,000 ಡಾಲರಿಗೆ ಹೋಯಿತು. ನನ್ನ ತಕರಾರು ಬೆಲೆಯ ಮೇಲಲ್ಲ, ಮುಟ್ಟದಿರುವುದಕ್ಕೆ ಬೆಲೆ ಕಟ್ಟುವ ರೀತಿಯ ಮೇಲೆ. ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಜಗತ್ತಿನ ಕಿವಿ ತೆರೆಸಿದ್ದು ಕತ್ತಿನ ಮೇಲಿನ ಸ್ವರದ ಮೆಟ್ಟಿಲುಗಳನ್ನು ಕಿತ್ತು ಎಪಾಕ್ಸಿ ಎಂಬ ಗಟ್ಟಿ ಲೇಪ ಬಳಿದಿದ್ದ 1962ರ ಜಾಝ್ ಬೇಸಿನಿಂದ. ಇಂದು ಯಾರಾದರೂ ಹಾಗೆ ಮಾಡಿದರೆ ಸಂಗ್ರಾಹಕರು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ.

ಮೈಸೂರಿನಲ್ಲಿ ನಮ್ಮ ಸೋದರತ್ತೆಯ ವೀಣೆಗೆ ಆಗಾಗ ಮೇಳ ಕಟ್ಟಿಸುವುದು ವಾಡಿಕೆ. ಹಳೆಯ ಮೇಣವನ್ನು ಕೆರೆದು, ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಕಾಯಿಸಿ, ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಸ್ವರ ನೋಡಿ ನೋಡಿ ಕೂರಿಸುತ್ತಾರೆ. ಬಿರಡೆ ಸವೆದರೆ ಬೇರೆ ಬಿರಡೆ. ಇದರಿಂದ ವೀಣೆಯ ಬೆಲೆ ಇಳಿಯಿತೆಂದು ಯಾರಾದರೂ ಹೇಳಿದರೆ ಅತ್ತೆ ನಕ್ಕುಬಿಡುತ್ತಾರೆ; ಮೇಳ ಕಟ್ಟಿಸದೆ ಬಿಟ್ಟ ವೀಣೆ ಅವರ ಲೆಕ್ಕದಲ್ಲಿ ಗೋಡೆಗೆ ಒರಗಿಸಿದ ಹಲಸಿನ ಮರ, ಅಷ್ಟೆ.

ಆದರೂ ಒಂದು ವಿಷಯದಲ್ಲಿ ಹಳೆಯ ಗಿಟಾರುಗಳ ಈ ಸಂಗ್ರಾಹಕರಿಗೆ ತಲೆಬಾಗಬೇಕು. ಫೆಂಡರ್ ಕತ್ತಿನ ಬುಡದಲ್ಲಿ ಟಿ.ಜಿ. ಎಂಬ ಎರಡಕ್ಷರ ಕಂಡೊಡನೆ ಅದು ಐವತ್ತರ ದಶಕದಲ್ಲಿ ಕತ್ತುಗಳನ್ನು ರೂಪಿಸುತ್ತಿದ್ದ ಟಡೇಯೊ ಗೋಮೆಜ್ ಎಂಬ ಕೆಲಸಗಾರನ ಕೈಯದು ಎಂದು ಅವರು ಗುರುತಿಸುತ್ತಾರೆ. ಅತ್ತೆಯ ವೀಣೆ ಮಾಡಿದವರು ಯಾರೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕಳೆದ ಸಲ ಊರಿಗೆ ಹೋದಾಗ ಮೇಳ ಕಟ್ಟುತ್ತಿದ್ದ ಹಿರಿಯರ ಕೈಗೆ ಪೆನ್ಸಿಲ್ ಕೊಟ್ಟು, ದಂಡಿಯ ಅಡಿಯಲ್ಲಿ ಹೆಸರನ್ನೂ ಇಸವಿಯನ್ನೂ ಬರೆಯಿರೆಂದು ಕೇಳಿಕೊಂಡೆ. “ಯಾಕೆ ಸ್ವಾಮಿ, ಮೇಣ ಸಡಿಲ ಆದ್ರೆ ಮತ್ತೆ ನಾನೇ ಬರ್ತೀನಲ್ಲ” ಎಂದು ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದರು.