ಮನೆ ಕಟ್ಟಿದ ಮೇಲೆ ದಾರಿ ಹುಡುಕುವ ಪೇಟೆ

ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿ ಕಾಸರಗೋಡಿನ ಕಡೆ ಬಸ್ಸಿನಲ್ಲಿ ಬಂದರೆ ಪೇಟೆ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದೇ ಇಲ್ಲ. ಕುಂಜತ್ತೂರು, ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲ್. ಹೆಸರು ಬದಲಾಗುತ್ತದೆ, ಅಂಗಡಿ ಸಾಲು ಮಾತ್ರ ಮುಂದುವರಿಯುತ್ತಲೇ ಇರುತ್ತದೆ. ಹೆದ್ದಾರಿ ಬದಿಯ ಜಾಗಕ್ಕೆ ಬೆಲೆ ಜಾಸ್ತಿ. ಹಾಗಾಗಿ ಊರು ಅಗಲವಾಗುವ ಬದಲು ಉದ್ದವಾಗಿದೆ.

ನಾನು ಪುತ್ತೂರು ಕಡೆಯವಳು. ಮದುವೆಯಾಗಿ ಬಂದದ್ದು ಕುಂಬಳೆಗೆ. ತವರಿಗೆ ಹೋದರೆ "ನಿಮ್ಮ ಕೇರಳದಲ್ಲಿ ಪಂಚಾಯತಿನವರು ಎಲ್ಲ ಚಂದ ಮಾಡ್ತಾರಂತೆ" ಅಂತಾರೆ. ಇಲ್ಲಿ ಭಾವನವರದ್ದು ಬೇರೆ ವರಸೆ: "ನಿಮ್ಮ ಕರ್ನಾಟಕದಲ್ಲಿ ಲೇಔಟ್ ಮಾಡಿದ್ರೆ ಲಾರಿ ಹೋಗುವಷ್ಟು ರಸ್ತೆ ಬಿಡ್ತಾರಂತೆ." ಎರಡೂ ಕಡೆ ದೂರದ ಬೆಟ್ಟ ನುಣ್ಣಗೆ. ಎರಡರಲ್ಲೂ ಸ್ವಲ್ಪ ಸತ್ಯ ಇದೆ ಅನ್ನುವುದೂ ನಿಜ.

ರಸ್ತೆಯ ವಿಷಯದಲ್ಲಿ ಭಾವನ ಮಾತು ಸರಿ. ನಮ್ಮ ಮನೆಯ ಹಿಂದಿನ ಕಂಪೌಂಡಿನ ಆಚೆ ಒಂದು ಮನೆ ಇದೆ. ಅಲ್ಲಿ ಕುಕ್ಕರ್ ಕೂಗಿದರೆ ಇಲ್ಲಿ ಕೇಳುತ್ತದೆ. ಆದರೆ ಆ ಮನೆಗೆ ಸ್ಕೂಟರಿನಲ್ಲಿ ಹೋಗಬೇಕಾದರೆ ನಮ್ಮ ಓಣಿಯಿಂದ ಸರ್ವೀಸ್ ರಸ್ತೆಗೆ ಇಳಿದು, ಮುಂದೆ ಹೋಗಿ, ಅವರ ಓಣಿಗೆ ತಿರುಗಿ ಮತ್ತೆ ಒಳಗೆ ಬರಬೇಕು. ಯಾಕೆ ಅಂದರೆ ಎರಡು ಓಣಿಗಳೂ ಎಲ್ಲಿಯೂ ಸೇರುವುದಿಲ್ಲ. ಜಾಗ ಮಾರಿದವನು ತನ್ನ ತೋಟದ ಒಂದು ಬದಿಗೆ ಹತ್ತಡಿ ದಾರಿ ಬಿಟ್ಟ. ಅದು ಕೊನೆಯ ಪ್ಲಾಟಿನ ಗೋಡೆಗೆ ಮುಟ್ಟಿ ನಿಂತಿತು. ಪಕ್ಕದವನೂ ಹಾಗೆಯೇ ಮಾಡಿದ. ಮೇಲಿನಿಂದ ನೋಡಿದರೆ ಇಡೀ ಊರು ಬಂಗುಡೆಯ ಮುಳ್ಳಿನ ಹಾಗೆ ಕಾಣಬಹುದು. ನಡುವೆ ಒಂದೇ ಹೆದ್ದಾರಿ, ಎರಡೂ ಬದಿಗೆ ಎಲ್ಲಿಗೂ ಹೋಗದ ಓಣಿಗಳು.

ಹೆದ್ದಾರಿ ಮೊದಲಿನ ಹಾಗೆ ಇದ್ದಾಗ ಇದು ಅಷ್ಟು ತೊಂದರೆ ಕೊಡಲಿಲ್ಲ. ಎಡ ಬಲ ನೋಡಿ ದಾಟಿದರೆ ಆಯಿತು. ಈಗ ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿಲೋಮೀಟರ್ ಆರು ಪಥವಾಗಿದೆ. ಅಗಲ 45 ಮೀಟರ್, ಕೆಲವು ಕಡೆ ಮನೆಯೆತ್ತರದ ಕಾಂಕ್ರೀಟ್ ಗೋಡೆ. ಮಂಗಳೂರಿಗೆ ಬೇಗ ಮುಟ್ಟಬಹುದು, ಸಂತೋಷವೇ. ಆದರೆ ಎದುರಿನ ಅಂಗಡಿಯಿಂದ ಹಾಲು ತರಲು ಅಂಡರ್‌ಪಾಸ್ ಇರುವಲ್ಲಿಗೆ ನಡೆಯಬೇಕು. ಅಜ್ಜ ಅಜ್ಜಿಯರು ಆಚೆ ಬದಿಯ ದೇವಸ್ಥಾನಕ್ಕೋ ಮಸೀದಿಗೋ ಹೋಗುವುದನ್ನೇ ಕಡಿಮೆ ಮಾಡಿದ್ದಾರೆ. ಒಳಗಿನ ಓಣಿಗಳು ಒಂದಕ್ಕೊಂದು ಸೇರಿದ್ದರೆ ಶಾಲೆ, ರೇಷನ್ ಅಂಗಡಿ, ಅಂಗನವಾಡಿ ಎಲ್ಲಕ್ಕೂ ಹೆದ್ದಾರಿಗೆ ಬರಬೇಕಾದ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ?

ಇಲ್ಲಿ ನಿಯಮ ಇಲ್ಲ ಅಂತಲ್ಲ. ಪ್ಲಾಟ್ ಮಾಡಿ ಮಾರುವುದಕ್ಕೆ ಪರ್ಮಿಟ್ ಬೇಕು. ಆದರೆ ಜಾಗ ಕೈ ಬದಲಾಗುವುದು ಬೇರೆಯೇ ರೀತಿಯಲ್ಲಿ. ಅಣ್ಣತಮ್ಮಂದಿರ ಪಾಲು, ಮಗಳಿಗೆ ಐದು ಸೆಂಟ್ಸ್, ಗಲ್ಫಿನಿಂದ ಬಂದ ಅಳಿಯನಿಗೆ ಎದುರಿನ ಹತ್ತು ಸೆಂಟ್ಸ್. ಹೀಗೆ ತುಂಡು ತುಂಡಾಗಿ ಹೋಗುವ ನೆಲಕ್ಕೆ ಒಟ್ಟು ನಕ್ಷೆ ಬರೆಯುವವರು ಯಾರೂ ಇಲ್ಲ. ತವರಿನ ಕಡೆ ಕೃಷಿ ನೆಲದ ಕನ್ವರ್ಶನ್ ಆಗಬೇಕು, ನೈನ್ ಇಲೆವೆನ್ ಅನ್ನುವ ಪಂಚಾಯತಿನ ಆಸ್ತಿ ದಾಖಲೆ ಆಗಬೇಕು ಅಂತ ಜನ ಅಲೆದು ಅಲೆದು ಚಪ್ಪಲಿ ಸವೆಸುತ್ತಾರೆ. ಬೈಯುತ್ತಾರೆ. ಆದರೂ ಆ ಅಲೆದಾಟದಲ್ಲಿ ಎಲ್ಲೋ ಒಂದು ಕಡೆ "ರಸ್ತೆ ಎಷ್ಟು ಅಗಲ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಲೇಔಟ್ ಆದರೆ ಪಾರ್ಕಿಗೆ, ಸಾರ್ವಜನಿಕ ಕೆಲಸಕ್ಕೆ ಇಷ್ಟು ಜಾಗ ಅಂತ ಬಿಡಲೇಬೇಕು. ಆ ಪಾರ್ಕಿನಲ್ಲಿ ಆಮೇಲೆ ಹುಲ್ಲು ಬೆಳೆಯುತ್ತದೋ ಕಸ ಬೀಳುತ್ತದೋ, ಅದು ಬೇರೆ ಕಥೆ. ಜಾಗ ಅಂತೂ ಉಳಿಯುತ್ತದೆ.

ಇನ್ನೊಂದು ವ್ಯತ್ಯಾಸ ಇದೆ. ತಲಪಾಡಿಯ ಆಚೆ ಸ್ವಲ್ಪ ದೂರದೊಳಗೆ ಕೋಟೆಕಾರು ಪಟ್ಟಣ ಪಂಚಾಯತ್, ಸೋಮೇಶ್ವರ ಪುರಸಭೆ, ಉಳ್ಳಾಲ ನಗರಸಭೆ. ಊರು ಬೆಳೆದ ಹಾಗೆ ಬೋರ್ಡ್ ಬದಲಾಯಿತು. ಈಚೆ ಕಾಸರಗೋಡು ಜಿಲ್ಲೆಯಲ್ಲಿ ಇರುವುದು ಮೂರೇ ನಗರಸಭೆ: ಕಾಸರಗೋಡು, ಕಾಞಂಗಾಡ್, ನೀಲೇಶ್ವರ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕಾಸರಗೋಡು ಒಂದೇ. ಉಳಿದ ಪೇಟೆಗಳೆಲ್ಲ ಲೆಕ್ಕದಲ್ಲಿ ಗ್ರಾಮ ಪಂಚಾಯತ್. ಕೇರಳದ ಊರುಗಳು ಬೆಳೆದ ರೀತಿಯೇ ಹಾಗೆ. 2001ರ ಜನಗಣತಿಯಲ್ಲಿ ರಾಜ್ಯದ ಸುಮಾರು 26 ಶೇಕಡ ಜನ ಪೇಟೆಯವರು. 2011ಕ್ಕೆ ಅದು 47 ಶೇಕಡ ದಾಟಿತು. ಜನ ಹಳ್ಳಿ ಬಿಟ್ಟು ಪೇಟೆಗೆ ಹೋದದ್ದಲ್ಲ, ಹಳ್ಳಿಯೇ ಪೇಟೆಯಾಯಿತು. ಪಂಚಾಯತ್ ಆಗಿಯೇ ಇದ್ದು ಗಣತಿಯಲ್ಲಿ ಮಾತ್ರ ಪಟ್ಟಣ ಅನ್ನಿಸಿಕೊಂಡ ಊರುಗಳು 99 ಇದ್ದದ್ದು 461 ಆದವು.

ಹಾಗಂತ ಕರ್ನಾಟಕದ ದಾರಿಯೇ ಸರಿ ಅಂತ ನಾನು ಹೇಳುವುದಿಲ್ಲ. ಬೈಲಿನ, ಅಂದರೆ ಗುಡ್ಡಗಳ ನಡುವಿನ ತಗ್ಗು ಗದ್ದೆಯ ವಿಷಯ ಬಂದರೆ ತವರಿನವರ ಎದುರು ನನ್ನ ಸ್ವರ ಏರುತ್ತದೆ. 2008ರಲ್ಲಿ ಕೇರಳ ಗದ್ದೆ ಮತ್ತು ಜೌಗುನೆಲ ಉಳಿಸುವ ಕಾನೂನು ಮಾಡಿತು. ಗದ್ದೆಯ ಸರ್ವೆ ನಂಬರುಗಳು ಡಾಟಾ ಬ್ಯಾಂಕ್ ಅನ್ನುವ ಪಟ್ಟಿಯಲ್ಲಿವೆ. ಅದನ್ನು ನೋಡಿಕೊಳ್ಳುವ ಸಮಿತಿಗೆ ಪಂಚಾಯತ್ ಅಧ್ಯಕ್ಷರೇ ಮುಖ್ಯಸ್ಥರು, ಕೃಷಿ ಅಧಿಕಾರಿ ಸಂಚಾಲಕರು, ರೈತರೂ ಇರುತ್ತಾರೆ. ಸುಮ್ನೆ ನಾಲ್ಕು ಲೋಡ್ ಮಣ್ಣು ಸುರಿದು ಗದ್ದೆಯನ್ನು ಸೈಟ್ ಮಾಡಲು ಬರುವುದಿಲ್ಲ. ಭಾವ ಇದಕ್ಕೆ ಬೈಯುತ್ತಾರೆ. "ಬೇಸಾಯಕ್ಕೆ ಜನ ಇಲ್ಲ, ಮಾರ್ಲಿಕ್ಕೂ ಬಿಡುದಿಲ್ಲ. ಗದ್ದೆ ಇಟ್ಟು ಎಂತ ಮಾಡುದು?" ಅವರ ಕಷ್ಟ ಸುಳ್ಳಲ್ಲ. ಪಟ್ಟಿಯಲ್ಲಿ ತಪ್ಪಾಗಿ ಸೇರಿದ ಅಡಿಕೆ ತೋಟವನ್ನು ಬಿಡಿಸಲು ಫಾರಂ 5 ಹಿಡಿದು ಓಡಾಡಿದವರು ಎಷ್ಟೋ ಜನ. 2018ರ ತಿದ್ದುಪಡಿಯ ನಂತರ ಪಟ್ಟಿಯಲ್ಲಿ ಇಲ್ಲದ ಹಳೆ ಗದ್ದೆಗಳನ್ನು ಬೇರೆ ಉಪಯೋಗಕ್ಕೆ ಬದಲಿಸಲು ಹಣ ಕಟ್ಟಿ ಅನುಮತಿ ಪಡೆಯುವ ದಾರಿಯೂ ತೆರೆದಿದೆ.

ಆದರೆ ನೀರು ನೋಡಿ. ನಮ್ಮ ಗುಡ್ಡವೆಲ್ಲ ಕೆಂಪುಕಲ್ಲು. ಮಳೆಗಾಲದ ನೀರು ಅದರ ತೂತುಗಳಲ್ಲಿ ಇಳಿದು, ಕೆಳಗಿನ ಶೇಡಿ ಅನ್ನುವ ಜೇಡಿಮಣ್ಣಿನ ಮೇಲೆ ನಿಂತು, ಬದಿಯಿಂದ ಒರತೆಯಾಗಿ ಬರುತ್ತದೆ. ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಲ್ಲಿ ಬರುವುದೂ ಇದೇ ನೀರು. ಕೊನೆಗೆ ಎಲ್ಲ ಬೈಲಿಗೆ ಇಳಿಯಬೇಕು, ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ ನಿಧಾನ ಹೋಗಬೇಕು. ಆಗ ಮಾತ್ರ ಬೈಲಿನ ಬದಿಯ ಬಾವಿಯಲ್ಲಿ ಏಪ್ರಿಲ್‌ನಲ್ಲೂ ನೀರು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಬೇಸಿಗೆಗೆ ಟ್ಯಾಂಕರ್ ಬರುವುದು ಯಾಕೆ ಅಂದರೆ ಗುಡ್ಡವನ್ನು ಜೇಸಿಬಿಯಲ್ಲಿ ಕಡಿದು ಅದೇ ಮಣ್ಣನ್ನು ಬೈಲಿಗೆ ಹಾಕುತ್ತೇವೆ. ಒಂದೇ ಏಟಿಗೆ ನೀರು ಇಂಗುವ ಜಾಗವೂ ಹೋಯಿತು, ನಿಲ್ಲುವ ಜಾಗವೂ ಹೋಯಿತು. ಕೇರಳದ ಕಾನೂನು ಬೈಲನ್ನು ನೋಡಿತು. ಗುಡ್ಡವನ್ನು ಅಷ್ಟು ನೋಡಲಿಲ್ಲ. ನಮ್ಮ ಪುತ್ತೂರು ಕಡೆ ಎರಡನ್ನೂ ನೋಡಿದವರು ಕಡಿಮೆ.

ಹಾಗಾದರೆ ಜನ ಎಲ್ಲಿ ಇರಬೇಕು? ನನಗೆ ಕಾಣುವುದು ಪೇಟೆಯ ಒಳಗೇ. ಕುಂಬಳೆಯಲ್ಲಿ ರೈಲ್ವೆ ಸ್ಟೇಶನ್ ಇದೆ. ಬದಿಯಡ್ಕ, ಮುಳ್ಳೇರಿಯ ಕಡೆಗೆ ರಸ್ತೆ ಹೊರಡುವುದು ಇಲ್ಲಿಂದಲೇ. ಸೀತಾಂಗೋಳಿಗೆ ಕೆಲಸಕ್ಕೆ ಹೋಗುವವರು, ಮಂಗಳೂರಿಗೆ ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರು ಎಲ್ಲರೂ ಇಲ್ಲಿ ಬಸ್ಸೋ ರೈಲೋ ಬದಲಿಸುತ್ತಾರೆ. ಸ್ಟೇಶನ್ನಿಂದ, ಬಸ್ ಸ್ಟ್ಯಾಂಡಿನಿಂದ ನಡೆಯುವಷ್ಟು ದೂರದಲ್ಲಿ ಕೆಳಗೆ ಅಂಗಡಿ, ಮೇಲೆ ಮೂರು ನಾಲ್ಕು ಮಾಳಿಗೆ ಮನೆ ಬರಲಿ. ಈಗ ಆಗುವುದು ಉಲ್ಟಾ. ಪೇಟೆಯ ನಡುವೆ ಹಂಚಿನ ಹಳೆ ಕಟ್ಟಡ ಕೇಸಿನಲ್ಲಿ ಬಿದ್ದಿದೆ. ಒಳಗಿನ ಗುಡ್ಡದ ಮೇಲೆ ಎರಡು ಅಂತಸ್ತಿನ ಮನೆ, ಗೇಟಿಗೆ ಬೀಗ, ಯಜಮಾನರು ದುಬೈಯಲ್ಲಿ. ಆ ಒಂದು ಮನೆಗೆ ಕರೆಂಟ್ ಕಂಬ, ಪೈಪ್ ಎಲ್ಲ ಹೋಗಬೇಕು, ಕಾಂಕ್ರೀಟ್ ದಾರಿ ಪಂಚಾಯತ್ ಖರ್ಚಿನಲ್ಲಿ.

ಆ ಕಾಂಕ್ರೀಟ್ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಊರಿನ ಯೋಜನೆಯನ್ನು ಊರಿನವರೇ ಮಾಡಲಿ ಅನ್ನುವ 1996ರ ಜನಕೀಯ ಯೋಜನೆಯಿಂದ ಇಲ್ಲಿನ ಪಂಚಾಯತುಗಳ ಕೈಗೆ ದುಡ್ಡು ಬಂತು. ಗ್ರಾಮಸಭೆ ವಾರ್ಡಿಗೊಂದು ನಡೆಯುತ್ತದೆ. ತವರಿನಲ್ಲಿ ನಾನು ಇಷ್ಟು ಹೆಂಗಸರು ಎದ್ದು ನಿಂತು ಮಾತಾಡಿದ್ದನ್ನು ನೋಡಿಲ್ಲ. ಇಲ್ಲಿ ಕುಟುಂಬಶ್ರೀ ಅನ್ನುವ ಹೆಂಗಸರ ಸಂಘಗಳ ಅಕ್ಕಂದಿರು ಮೆಂಬರನ್ನು ನಿಲ್ಲಿಸಿ ಲೆಕ್ಕ ಕೇಳುತ್ತಾರೆ. ಹರಿತ ಕರ್ಮಸೇನೆಯವರು ತಿಂಗಳಿಗೆ 50 ರೂಪಾಯಿ ತಗೊಂಡು ಮನೆ ಬಾಗಿಲಿಂದ ಪ್ಲಾಸ್ಟಿಕ್ ಒಯ್ಯುವ ಕೆಲಸ ಊರಲ್ಲಿ ನೆಲೆಯೂರಿದ್ದೂ ಇಂಥವರಿಂದಲೇ. ಆದರೆ ಯೋಜನೆಯ ಪಟ್ಟಿ ಬರೆಯುವಾಗ ಪ್ರತಿಯೊಬ್ಬರದ್ದೂ ಒಂದೇ ಬೇಡಿಕೆ: ನಮ್ಮ ಮನೆ ದಾರಿಗೆ ಕಾಂಕ್ರೀಟ್. ದುಡ್ಡು ವಾರ್ಡ್ ವಾರ್ಡಿಗೆ ಹಂಚಿ ಹೋಗುತ್ತದೆ, ಪ್ರತಿ ವಾರ್ಡಿಗೆ ಒಂದಿಷ್ಟು ಮೀಟರ್ ಕಾಂಕ್ರೀಟ್. ಎರಡು ವಾರ್ಡುಗಳ ನಡುವಿನ ರಸ್ತೆ ಮಾತ್ರ ಯಾರ ಪಟ್ಟಿಗೂ ಬರುವುದಿಲ್ಲ.

ಭಾಷೆಯ ತೊಡಕು ಬೇರೆ. ಯೋಜನೆಯ ಕರಡು ಕೈಗೆ ಸಿಗುವಾಗ ಎಷ್ಟೋ ಸಲ ಮಲಯಾಳದಲ್ಲಿ ಮಾತ್ರ ಇರುತ್ತದೆ. ನಮ್ಮ ಅತ್ತೆ ಎಪ್ಪತ್ತು ವರ್ಷ ಇದೇ ಊರಲ್ಲಿ ಇದ್ದವರು, ಯಾವ ತೋಡು ಯಾವ ವರ್ಷ ಎಲ್ಲಿ ಉಕ್ಕಿತು ಅಂತ ಬಾಯಿಪಾಠ ಹೇಳುತ್ತಾರೆ. ಅವರಿಗೆ ಓದಲು ಬರುವುದು ಕನ್ನಡ. ನಕ್ಷೆ ಬರೆಯುವ ಇಂಜಿನಿಯರಿಗೆ ಬೇಕಾದದ್ದು ಅವರ ತಲೆಯಲ್ಲಿದೆ, ಆದರೆ ಆ ಕಾಗದ ಅವರಿಗೆ ಓದಲಾಗುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಜಾಗ ಇದು, ಕನ್ನಡದಲ್ಲಿ ಕೊಡಿ ಅಂತ ಕೇಳುವುದು ದೊಡ್ಡ ಹೋರಾಟವೇ ಆಗಬೇಕಾಗಿಲ್ಲ.

ಸಂಪರ್ಕ ರಸ್ತೆಗೆ ಜಾಗ ಯಾರು ಕೊಡುತ್ತಾರೆ ಅಂತ ಭಾವ ಕೇಳಿದರು. ಕೊಳ್ಳಲು ಪಂಚಾಯತಿನ ಹತ್ತಿರ ದುಡ್ಡಿಲ್ಲ, ಅದು ಸರಿ. ಆದರೆ ಕೇರಳದ ಕಟ್ಟಡ ನಿಯಮದಲ್ಲೇ ಒಂದು ದಾರಿ ಇದೆ. ರಸ್ತೆಗೆ ಪುಕ್ಕಟೆ ಜಾಗ ಬಿಟ್ಟುಕೊಟ್ಟವರಿಗೆ ಉಳಿದ ಜಾಗದಲ್ಲಿ ಕಟ್ಟುವಾಗ ಕೆಲವು ರಿಯಾಯಿತಿ ಸಿಗುತ್ತದೆ. ಹೆದ್ದಾರಿ ಬದಿಯವರು ಇದನ್ನು ಚೆನ್ನಾಗಿ ತಿಳಿದಿದ್ದಾರೆ, ಓಣಿಯವರಿಗೆ ಹೇಳಿದವರಿಲ್ಲ. ಮುಂದಿನ ಗ್ರಾಮಸಭೆಗೆ ವಾರ್ಡಿನ ಸರ್ವೆ ನಕ್ಷೆ ತಂದು ಗೋಡೆಗೆ ಅಂಟಿಸಲಿ. ತೋಡಿಗೆ ನೀಲಿ ಪೆನ್ನು, ಓಣಿಗಳನ್ನು ಸೇರಿಸುವ ರಸ್ತೆಗೆ ಕೆಂಪು ಪೆನ್ನು. ನಮ್ಮ ಹಿಂದಿನ ಗೋಡೆಯಲ್ಲಿ ಹತ್ತಡಿ ಒಡೆಯಲು ನಾವು ತಯಾರು. ಆಚೆ ಮನೆಯವರನ್ನು ಕೇಳಿದ್ದೇವೆ, ಮಗ ಓಣಂ ರಜೆಗೆ ಬಂದ ಮೇಲೆ ಹೇಳ್ತೇವೆ ಅಂದಿದ್ದಾರೆ.