ಬೇಲೂರು ಬಸ್ ಸ್ಟ್ಯಾಂಡಿನಿಂದ ಬಂದ ಕೋಡುಬಳೆ

ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಭಾವ ಬೇರೆಯಾಗಿ ಮೂರು ವರ್ಷ ಆಯಿತು. ತಿಂಗಳಿಗೆ ಎರಡು ಶನಿವಾರ ಅಕ್ಕನ ಮಗಳನ್ನು ಹಾಸನದಿಂದ ಬೇಲೂರಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಭಾವ ಮೂಡಿಗೆರೆಯಿಂದ ಬರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಅವಳ ಬ್ಯಾಗು ನನ್ನ ಕೈಯಿಂದ ಅವರ ಕೈಗೆ ಹೋಗುತ್ತದೆ. ಭಾನುವಾರ ಸಂಜೆ ಅದೇ ಜಾಗದಲ್ಲಿ ವಾಪಸ್. ಮೊದಲ ವರ್ಷ ನಾವಿಬ್ಬರೂ ಮಾತೇ ಆಡುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ, ಬಸ್ಸು ಹೊರಟ ಕೂಡಲೇ ಅವಳು ಡಬ್ಬ ತೆಗೆದು ಕೋಡುಬಳೆ ತಿನ್ನತೊಡಗಿದಳು. ಹಗರೆ ದಾಟಿದರೂ ನಿಲ್ಲಿಸಲಿಲ್ಲ. "ಸಾಕು ಪುಟ್ಟಿ, ಹೊಟ್ಟೆ ನೋವು ಬರುತ್ತೆ" ಅಂದೆ. "ಮನೆಗೆ ಹೋಗೋದ್ರೊಳಗೆ ಖಾಲಿ ಮಾಡ್ಬೇಕು ಮಾಮ" ಅಂದಳು.

ಅದು ಮೂಡಿಗೆರೆ ಅಜ್ಜಿ ಮಾಡಿಕೊಟ್ಟದ್ದು. ಹಿಂದಿನ ಸಲ ತಂದಾಗ ನಮ್ಮಮ್ಮ "ಆ ಮನೆ ತಿಂಡಿ ಇಲ್ಲಿಗೆ ಯಾಕೆ" ಅಂದಿದ್ದರು. ನಾನೂ ಅಲ್ಲೇ ಕೂತಿದ್ದೆ, ಸುಮ್ನಿದ್ದೆ. ಒಂಬತ್ತು ವರ್ಷದ ಮಗು ಅಜ್ಜಿಯ ಪ್ರೀತಿಯನ್ನು ಬಸ್ಸಲ್ಲೇ ತಿಂದು ಮುಗಿಸಿ, ಬಾಯಿ ಒರೆಸಿಕೊಂಡು ನಮ್ಮ ಮನೆಯೊಳಗೆ ಬರುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪ್ಪನ ಮನೆಯ ವಿಷಯ ಅವಳು ಯಾಕೆ ಹೇಳುವುದಿಲ್ಲ ಅಂತ ಆಗ ಅರ್ಥವಾಯಿತು. ಅಲ್ಲಿ ಖುಷಿಯಾಗಿದ್ದೆ ಅಂದರೆ ಇಲ್ಲಿ ನಮಗೆ ಬೇಜಾರಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅಲ್ಲಿಯೂ ಹಾಗೇ ಇದ್ದಿರಬಹುದು.

ಕಾನೂನು ನಮಗಿಂತ ಮೆದುವಾಗಿದೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯೇ ಮಗುವಿನ ಹಿತ ನೋಡಬೇಕು ಅನ್ನುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಮಗು ಯಾರ ಹತ್ತಿರ ಇರಬೇಕು, ಖರ್ಚು ಯಾರು ಕೊಡಬೇಕು ಅನ್ನುವ ಆದೇಶವನ್ನು ಮುಂದೆ ಬದಲಾಯಿಸಿಕೊಳ್ಳಲೂಬಹುದು. ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಕೋರ್ಟು ಶನಿವಾರ ಯಾವುದು, ಎಷ್ಟು ಗಂಟೆಗೆ ಅಂತ ಬರೆಯಬಹುದು ಅಷ್ಟೇ. ಮಗು ವಾಪಸ್ ಬಂದಾಗ ನಮ್ಮ ಮುಖ ಹೇಗಿರಬೇಕು ಅಂತ ಯಾವ ಜಡ್ಜೂ ಬರೆಯುವುದಿಲ್ಲ.

ಅದು ಮನೆಯವರ ಕೆಲಸ. ಅಜ್ಜಿ, ತಾತ, ಚಿಕ್ಕಮ್ಮ, ನನ್ನಂಥ ಮಾಮಂದಿರದ್ದು. ಮದುವೆ ಮನೆಯಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು "ನಿಂಗೆ ಅಪ್ಪ ಇಷ್ಟಾನಾ, ಅಮ್ಮ ಇಷ್ಟಾನಾ" ಅಂತ ಕೇಳುತ್ತಾರಲ್ಲ, ದಯವಿಟ್ಟು ಬೇಡ. "ಅಪ್ಪನ ಮನೇಲಿ ಯಾರ್ಯಾರು ಬಂದಿದ್ರು" ಅಂತ ಬಾಯಿ ಬಿಡಿಸುವುದೂ ಬೇಡ. ಸ್ಕೂಲ್ ಫೀಸಿನ ಮಾತನ್ನು ಮಗುವಿನ ಕೈಲಿ ಹೇಳಿ ಕಳಿಸಬೇಡಿ. ಫೋನ್ ಇದೆ, ದೊಡ್ಡವರೇ ಮಾತಾಡಿಕೊಳ್ಳಲಿ. ದುಡ್ಡು ಬಂದಿಲ್ಲ ಅಂತ ಮಗುವನ್ನೇ ತೋರಿಸದೆ ಇರುವುದಂತೂ ನನ್ನ ಪ್ರಕಾರ ತಪ್ಪು. ದುಡ್ಡಿಗೆ ಕೋರ್ಟಿಗೆ ಹೋಗಿ, ಬಿಡಬೇಡಿ. ಮಗು ಅಡವಿಟ್ಟ ಒಡವೆ ಅಲ್ಲ.

ಹೊಡೆತ, ಕುಡಿತ, ಮಗುವಿಗೇ ಅಪಾಯ ಇರುವ ಮನೆಗಳಿಗೆ ಈ ಮಾತು ಹೇಳುತ್ತಿಲ್ಲ. ಅಲ್ಲಿ ಮೊದಲು ಮಗು ಸುರಕ್ಷಿತವಾಗಿರಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸು ತೀರಾ ಕುಗ್ಗಿದವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಅಕ್ಕ ಭಾವ ಕೆಟ್ಟವರಲ್ಲ. ಒಟ್ಟಿಗೆ ಬಾಳಲು ಆಗಲಿಲ್ಲ, ಅಷ್ಟೇ.

ಕೋಡುಬಳೆಯ ವಿಷಯವನ್ನು ಮಾರನೇ ದಿನ ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ತುಂಬಾ ಹೊತ್ತು ಅಡುಗೆ ಮನೆಯಲ್ಲೇ ಇದ್ದರು.

ಮುಂದಿನ ಶನಿವಾರ ಹೊರಡುವಾಗ ಪುಟ್ಟಿಯ ಬ್ಯಾಗು ಭಾರ ಇತ್ತು. ತೆಗೆದು ನೋಡಿದರೆ ಅದೇ ಡಬ್ಬ, ಒಳಗೆ ನಿಪ್ಪಟ್ಟು. ನಾನು ಅಮ್ಮನ ಮುಖ ನೋಡಿದೆ.

"ಡಬ್ಬ ಖಾಲಿ ವಾಪಸ್ ಕಳಿಸಬಾರದು ಕಣೋ" ಅಂದರು.